ಧಾತು-ಈಶ್ವರದ ಬರದಿಂದ ನಮ್ಮ ಸಂಘದ ಬೆಳ್ಳಿಹಬ್ಬದವರೆಗೆ

ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಸಂಘದ ಇತಿಹಾಸ ಬರೆದುಕೊಡಿರಿ ಎಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿಕೊಂಡರು. ಷೇರು ಬಂಡವಾಳ ಎಷ್ಟಿತ್ತು, ಎಷ್ಟಾಯಿತು, ಗೋದಾಮು ಯಾವ ವರ್ಷ ಕಟ್ಟಿದೆವು, ಆಡಿಟ್ ವರ್ಗ ಯಾವುದು ಎಂಬ ವಿವರವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬಂದೇ ಇದೆ. ಅದನ್ನೇ ಮತ್ತೆ ಬರೆದು ನಿಮಗೆ ಬೇಸರ ಮಾಡುವ ಇಚ್ಛೆ ನಮಗಿಲ್ಲ. ಸಂಘ 2000ನೇ ಇಸವಿಯಲ್ಲಿ ನೋಂದಣಿಯಾಯಿತು ಅಂತ ಬಾಗಿಲ ಮೇಲಿನ ಫಲಕ ಹೇಳುತ್ತದೆ. ಆದರೆ ಅದರ ಬೇರು ಬಹಳ ಹಿಂದಕ್ಕೆ, ಮಳೆ ಹೋದ ವರ್ಷಗಳೊಳಗೆ ಇದೆ. ಬರಗಾಲದ ಚರಿತ್ರೆಯನ್ನು ಬಿಟ್ಟು ಸಹಕಾರದ ಚರಿತ್ರೆ ಬರೆಯಲಿಕ್ಕೆ ಬರುವುದಿಲ್ಲ. ಜಗತ್ತೆಲ್ಲ ಹವಾಮಾನ ಬದಲಾವಣೆಯ ಮಾತಾಡುತ್ತಿರುವ ಈ ಹೊತ್ತಿನಲ್ಲಿ ಆ ಹಳೇ ಖಾತೆ ತೆಗೆದು ನೋಡುವುದು ಉಚಿತವೆಂದು ತಿಳಿದು ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಹಿರಿಯರು ಕಾಲವನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ, ಬರದಿಂದ ಎಣಿಸುತ್ತಿದ್ದರು. ನಮ್ಮ ಗದಗ ಸೀಮೆಯ ಎರೆ ಹೊಲಕ್ಕೆ ವರ್ಷಕ್ಕೆ ಬೀಳುವುದೇ ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲಿ ಮುಂಗಾರಿ ಒಂದಿಷ್ಟು, ಹಿಂಗಾರಿ ಒಂದಿಷ್ಟು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಬೇಕು. ಎರಡೂ ಕೈಕೊಟ್ಟ ವರ್ಷಕ್ಕೆ ಸಂವತ್ಸರದ ಹೆಸರೇ ಉಳಿದುಬಿಡುತ್ತಿತ್ತು. 1791-92ರ ಹೊತ್ತಿನಲ್ಲಿ ಬಿದ್ದ ಬರಕ್ಕೆ ಮಾತ್ರ ಸಂವತ್ಸರದ ಹೆಸರೂ ಸಾಲಲಿಲ್ಲ. ಸತ್ತವರನ್ನು ಮಣ್ಣು ಮಾಡುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳಿಂದ ಅದಕ್ಕೆ ಡೋಗಿ ಬರ ಎಂದೇ ಹೆಸರು ಬಂತು. ಅದಾದ ಮೇಲಿನ ದೊಡ್ಡ ಬರ ಧಾತು ಮತ್ತು ಈಶ್ವರ ಸಂವತ್ಸರಗಳದು, ಅಂದರೆ 1876ರಿಂದ 78ರದು.

1876ರಲ್ಲಿ ಮುಂಗಾರಿ ಕೈಕೊಟ್ಟಿತು, ಹಿಂಗಾರಿಯೂ ಬರಲಿಲ್ಲ. ಮರುವರ್ಷವೂ ಮಳೆ ಹಿಂದೆ ಮುಂದೆ ಆಯಿತು. ಮುಂಬಯಿ ಇಲಾಖೆ, ಮದರಾಸು ಇಲಾಖೆ, ನಿಜಾಮರ ಸೀಮೆ, ಮೈಸೂರು ಸಂಸ್ಥಾನ, ಹೀಗೆ ದಖ್ಖಣವೆಲ್ಲ ಒಂದೇ ಸಲಕ್ಕೆ ಒಣಗಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿ ಪ್ರಕಾರ 50 ಲಕ್ಷಕ್ಕೂ ಮೇಲೆ ಜನರಿದ್ದರು. ಹತ್ತು ವರ್ಷದ ನಂತರ 1881ರಲ್ಲಿ ಎಣಿಸಿದಾಗ ಸಿಕ್ಕವರು ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟು ಲಕ್ಷಕ್ಕೂ ಹೆಚ್ಚು ಇಳಿದಿತ್ತು. ನಮ್ಮ ಬಾಜೂಕಿನ ಕಲಾದಗಿ ಜಿಲ್ಲೆ, ಮುಂದೆ ವಿಜಾಪುರ ಜಿಲ್ಲೆ ಎನ್ನಿಸಿಕೊಂಡದ್ದು, ಸುಮಾರು ಐದರಲ್ಲಿ ಒಂದು ಪಾಲು ಜನರನ್ನು ಕಳಕೊಂಡಿತು. ಸತ್ತವರು, ದೇಶಾಂತರ ಹೋದವರು ಎಲ್ಲ ಸೇರಿ ಈ ಲೆಕ್ಕ. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಒಟ್ಟು ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚೆಂದು ಅಂದಾಜು. 1881ರಲ್ಲಿ ಮೈಸೂರನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಿದಾಗ ಖಜಾನೆಯ ಜೊತೆಗೆ ಬರದ ದೆಸೆಯಿಂದಾದ 80 ಲಕ್ಷ ರೂಪಾಯಿ ಸಾಲವೂ ವರ್ಗವಾಯಿತು.

ಇಷ್ಟೊಂದು ಜನ ಯಾಕೆ ಸತ್ತರು? ಮಳೆ ಆಗಲಿಲ್ಲ, ಬೆಳೆ ಬರಲಿಲ್ಲ, ಸತ್ತರು ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಮಳೆ ಅದಕ್ಕಿಂತ ಮೊದಲೂ ಹೋಗಿತ್ತು. ಒಂದು ವರ್ಷದ ಮಳೆ ಹೋದರೆ ತಾಳಿಕೊಳ್ಳುವ ಉಪಾಯ ನಮ್ಮ ಮನೆಗಳಲ್ಲೇ ಇತ್ತು. ಅದೇ ಹಗೇವು. ಈಗಿನ ಹುಡುಗರಿಗೆ ಹಗೇವು ಅಂದರೆ ತಿಳಿಯಲಿಕ್ಕಿಲ್ಲ. ಎತ್ತರದ, ನೀರು ಬಸಿಯದ ಜಾಗದಲ್ಲಿ ಆಳವಾಗಿ ತೋಡಿ, ಒಳಗೆಲ್ಲ ಕಣಕಿ-ಹೊಟ್ಟು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆದುಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮುಚ್ಚಳ ಸರಿಸಿ ಒಳಗಿನ ಕೆಟ್ಟ ಗಾಳಿ ಹೋಗಲಿಕ್ಕೆ ಬಿಟ್ಟು ಆಮೇಲೆ ಇಳಿಯಬೇಕು. ಅವಸರ ಮಾಡಿದವರು ಒಳಗೇ ಉಳಿದ ಪ್ರಸಂಗಗಳೂ ಉಂಟು. ಒಳ್ಳೆಯ ವರ್ಷದ ಜೋಳ ಕೆಟ್ಟ ವರ್ಷಕ್ಕೆ ನೆಲದೊಳಗೆ ಕಾದು ಕೂತಿರುತ್ತಿತ್ತು. ಇದಕ್ಕಿಂತ ದೊಡ್ಡ ವಿಮೆ ಬೇರೆ ಯಾವುದು ಹೇಳಿರಿ!

ಆ ಹಗೇವು ಬರಿದಾಗಿದ್ದು ಹೇಗೆ ಎಂಬುದರಲ್ಲೇ ಕಥೆ ಇದೆ. 1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಸುರುವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಧಾರವಾಡ ಸೀಮೆಯಲ್ಲಿ ಆಗಲೇ ಅಮೇರಿಕದ ತಳಿಯ ಹತ್ತಿ ಬೆಳೆಯುವುದು ರೂಢಿಯಾಗಿತ್ತು. ಹತ್ತಿಯ ಧಾರಣೆ ಮುಗಿಲಿಗೆ ಹೋಯಿತು, ಜೋಳದ ಹೊಲಕ್ಕೆ ಹತ್ತಿ ಬಿತ್ತು. ರೊಕ್ಕ ನೋಡಿದ ಸಾಹುಕಾರ ಕೇಳಿದಷ್ಟು ಸಾಲ ಕೊಟ್ಟ. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ನೆಲಕಚ್ಚಿತು. ಸಾಲ ಮಾತ್ರ ಇಳಿಯಲಿಲ್ಲ. ಸರಕಾರಿ ಕಂದಾಯವನ್ನು ಕಾಳಿನಲ್ಲಿ ಕೊಡುವ ಹಾಗಿಲ್ಲ, ರೊಕ್ಕದಲ್ಲೇ ಕೊಡಬೇಕು. ರೊಕ್ಕ ಬೇಕಾದರೆ ಸುಗ್ಗಿಯ ಕಣದಲ್ಲೇ ಕಾಳು ಮಾರಬೇಕು. ಹಗೇವಿಗೆ ಹೋಗಬೇಕಾದ ಜೋಳ ಹೀಗೆ ಸಾಹುಕಾರನ ಅಂಗಡಿಗೆ ಹೋಯಿತು. 1875ರಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬಲ್ಲಿ ರೈತರು ಎದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟ ಗಲಾಟೆ ಇದೇ ಬೇಗೆಯದು. ಮರುವರ್ಷವೇ ಮಳೆ ಹೋಯಿತು. ದುರ್ಭಿಕ್ಷದಲ್ಲಿ ಅಧಿಕ ಮಾಸ ಅಂದ ಹಾಗೆ.

ಆಗಿನ ಸರಕಾರ ಏನೂ ಮಾಡಲಿಲ್ಲ ಎಂದು ಬರೆದರೆ ತಪ್ಪಾದೀತು. ಕೆರೆ ಕೆಲಸ, ರಸ್ತೆ ಕೆಲಸ ತೆರೆದರು, ಗಂಜಿಕೇಂದ್ರ ಇಟ್ಟರು. ಆದರೆ ಖರ್ಚು ಕಡಿಮೆ ಮಾಡಲಿಕ್ಕೆಂದು ಬಂದ ಸರ್ ರಿಚರ್ಡ್ ಟೆಂಪಲ್ ಸಾಹೇಬರು 1877ರಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಕಾಳು, ಮೇಲೆ ಒಂದು ಆಣೆ ಎಂದು ಗೊತ್ತುಮಾಡಿದರು. ಒಂದು ಪೌಂಡೆಂದರೆ ಅರ್ಧ ಕಿಲೋಕ್ಕೂ ಕಡಿಮೆ. ದಿನವಿಡೀ ಕಲ್ಲು-ಮಣ್ಣು ಹೊತ್ತವನ ಹೊಟ್ಟೆಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಎಂಬವರು ಬಹಿರಂಗವಾಗಿಯೇ ವಾದಿಸಿದರು. ಮುಂಬಯಿ ಇಲಾಖೆಯಲ್ಲಿ ಕೂಲಿಕಾರರು ಕೆಲಸ ಬಿಟ್ಟು ಕೂತರು. ಇತ್ತ ಇದೇ ಹೊತ್ತಿಗೆ ಬಂದರುಗಳಿಂದ ಧಾನ್ಯ ಹಡಗಿನಲ್ಲಿ ಪರದೇಶಕ್ಕೆ ಹೋಗುವುದೂ ನಿಲ್ಲಲಿಲ್ಲ. ವ್ಯಾಪಾರಕ್ಕೆ ಅಡ್ಡಬರಬಾರದು ಎಂಬುದು ಅವರ ಧೋರಣೆಯಾಗಿತ್ತು. ದೇಶದಲ್ಲಿ ಕಾಳು ಇತ್ತು, ಕೊಳ್ಳುವ ತಾಕತ್ತು ಇರಲಿಲ್ಲ. ಬರದಲ್ಲಿ ಜನ ಸಾಯುವುದು ಕಾಳಿಲ್ಲದ್ದಕ್ಕಿಂತ ಕಾಳಿನ ಮೇಲೆ ಹಕ್ಕಿಲ್ಲದ್ದಕ್ಕೆ ಎಂಬುದನ್ನು 1943ರ ಬಂಗಾಳದ ಬರ ಮುಂತಾದವನ್ನು ಪರಿಶೀಲಿಸಿ ಅಮರ್ತ್ಯ ಸೇನ್ ಅವರು 1981ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದರು. ಗಂಜಿಕೇಂದ್ರದ ಸಾಲಿನಲ್ಲಿ ನಿಂತವರಿಗೆ ಇದು ಮೊದಲೇ ಗೊತ್ತಿತ್ತು.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮವರು ಇದು ನಮ್ಮ ಸೀಮೆಯ ಕರ್ಮ ಎಂದುಕೊಂಡರು. ವಾಸ್ತವದಲ್ಲಿ ಅದೇ ಎರಡು ಮೂರು ವರ್ಷಗಳಲ್ಲಿ ಉತ್ತರ ಚೀನದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು, ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲೂ ಸತ್ತರು. ಪೆಸಿಫಿಕ್ ಮಹಾಸಾಗರದ ನೀರು ಕಾದು ಗಾಳಿಯ ದಿಕ್ಕುದೆಸೆ ಏರುಪೇರಾಗುವ ಎಲ್ ನಿನೊ ಎಂಬ ವಿದ್ಯಮಾನ 1877-78ರಲ್ಲಿ ಅತಿ ಬಲವಾಗಿತ್ತು ಎಂದು ಈಗ ಗೊತ್ತಾಗಿದೆ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ, ಬರಕ್ಕೆ ಒಂದೇ ವರ್ಷ ಮೊದಲು. ಮುಂದೆ 1904ರಲ್ಲಿ ಅದರ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಅವರು ನಮ್ಮ ಮುಂಗಾರಿಯ ಗುಟ್ಟು ಹುಡುಕುತ್ತ ಹುಡುಕುತ್ತ ದೂರದ ಆ ಸಾಗರದ ಮೇಲಿನ ಗಾಳಿಯೊತ್ತಡದ ತೂಗಾಟವನ್ನು ಕಂಡುಹಿಡಿದರು. ಸಾವಿರಾರು ಹರದಾರಿ ಆಚೆಗಿನ ನೀರು ಕಾದರೆ ನಮ್ಮ ಹೊಲ ಬಿರಿಯುತ್ತದೆ! ಮೋಡಕ್ಕೆ ತಾಲೂಕಿಲ್ಲ, ಜಿಲ್ಲೆಯಿಲ್ಲ.

ಬರದ ಪೆಟ್ಟಿನಿಂದ ಸರಕಾರ ಒಂದಿಷ್ಟು ಪಾಠ ಕಲಿಯಿತು. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಅದರ ಮೇಲೆ ಕ್ಷಾಮ ಸಂಹಿತೆಗಳಾದವು. ಯಾವ ಲಕ್ಷಣ ಕಂಡರೆ ಬರ ಅನ್ನಬೇಕು, ಯಾವಾಗ ಕಾಮಗಾರಿ ತೆರೆಯಬೇಕು ಎಂಬ ನಿಯಮ ಬಂತು. ಕಾಳು ಸಾಗಿಸಲಿಕ್ಕೆಂದು 1880ರ ದಶಕದಲ್ಲಿ ಗದಗಿನ ಮೇಲಿಂದ ಹೋಟಗಿ ಕಡೆಗೆ ರೈಲು ಹಾಕಿದರು. ಈಗಲೂ ನಾವು ಸೋಲಾಪುರಕ್ಕೆ ಹೋಗುವ ದಾರಿ ಅದೇ. ಬರದ ಹೆಸರಿನಲ್ಲಿ ಬಂದ ರೈಲು ಎಂದು ಎಷ್ಟು ಜನರಿಗೆ ಗೊತ್ತು? 1896-97ರಲ್ಲಿ ಮತ್ತೆ ಬರ, 1899-1900ರಲ್ಲಿ ಮತ್ತೆ ಬರ. 1901ರ ಕ್ಷಾಮ ಆಯೋಗವು ರೈತನನ್ನು ಸಾಲದಿಂದ ಬಿಡಿಸದೆ ಬರದಿಂದ ಬಿಡಿಸಲಾಗದು ಎಂಬ ನಿಲುವಿಗೆ ಬಂದು ಪರಸ್ಪರ ಸಾಲದ ಸಂಘಗಳನ್ನು ಸ್ಥಾಪಿಸಲು ಸಲಹೆ ಮಾಡಿತು.

ಇಂಥ ಸಂಘದ ಮಾದರಿ ಜರ್ಮನಿಯದು. ಅದೂ ಹುಟ್ಟಿದ್ದು ಹಸಿವಿನ ವರ್ಷದಲ್ಲೇ ಎಂಬುದು ನಮಗೆ ಬಹಳ ವಿಚಾರಾರ್ಹವಾಗಿ ಕಾಣುತ್ತದೆ. 1846ರಲ್ಲಿ ಅಲ್ಲಿ ಬೆಳೆ ಕೆಟ್ಟಿತು. ಆ ಚಳಿಗಾಲದಲ್ಲಿ ವೈಯರ್‌ಬುಶ್ ಎಂಬ ಸಣ್ಣ ಊರಿನ ಮೇಯರ್ ರೈಫೈಸನ್ ಎಂಬವರು ಉಳ್ಳವರನ್ನು ಕೂಡಿಸಿ, ಅವರ ಹೊಣೆಯ ಮೇಲೆ ಬಡವರಿಗೆ ಉದ್ದರಿ ರೊಟ್ಟಿ ಕೊಡುವ ಸಂಘ ಕಟ್ಟಿದರು. ಅದರ ಅನುಭವದಿಂದಲೇ ಮುಂದೆ ಹಳ್ಳಿಯ ಪತ್ತಿನ ಸಂಘಗಳು ಬೆಳೆದವು. ನಮ್ಮಲ್ಲಿ 1904ರಲ್ಲಿ ಕಾಯಿದೆ ಬಂತು. ಮರುವರ್ಷ, 1905ರ ಮೇ 8ರಂದು, ನಮ್ಮದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಮೊದಲ ಗ್ರಾಮೀಣ ಪತ್ತಿನ ಸಹಕಾರ ಸಂಘಗಳಲ್ಲೊಂದು ನೋಂದಣಿಯಾಯಿತು. ಸಹಕಾರದ ತವರು ನಮ್ಮದು ಅಂತ ಪ್ರತಿ ಸಹಕಾರ ಸಪ್ತಾಹದಲ್ಲಿ ಭಾಷಣ ಮಾಡುತ್ತೇವೆ. ಇಲ್ಲಿಯೇ ಯಾಕೆ ಹುಟ್ಟಿತು ಎಂದು ಕೇಳುವವರು ಕಡಿಮೆ. ಮೂವತ್ತು ವರ್ಷದಲ್ಲಿ ಮೂರು ದೊಡ್ಡ ಬರ ಕಂಡ ಸೀಮೆ ಇದು. ಸಾಹುಕಾರನ ಖಾತೆಯ ಬಿಸಿ ಗೊತ್ತಿದ್ದ ಸೀಮೆ.

ಆ ಮೊದಲ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಒಬ್ಬನ ಸಾಲಕ್ಕೆ ಎಲ್ಲರೂ ಜಾಮೀನು. ಒಬ್ಬನ ಎತ್ತು ಸತ್ತರೆ, ಒಬ್ಬನ ಮನೆ ಸುಟ್ಟರೆ ಉಳಿದವರು ಎತ್ತಿ ಹಿಡಿಯುತ್ತಾರೆ ಎಂಬುದು ಅದರ ಜೀವಾಳ. ಆದರೆ ಈ ವ್ಯವಸ್ಥೆಯಲ್ಲಿ ಒಂದು ಪೆಚ್ಚು ಇತ್ತು. ಮಳೆ ಹೋಗುವುದು ಒಬ್ಬನ ಹೊಲಕ್ಕಲ್ಲ, ಇಡೀ ಊರಿಗೆ. ಸಾಲ ತೆಗೆದವನೂ ಮುಳುಗಿದ, ಜಾಮೀನು ನಿಂತವನೂ ಮುಳುಗಿದ. ಯಾರನ್ನು ಯಾರು ಎತ್ತಬೇಕು? ಜಾಮೀನಿನ ಅಗಲ ಮೋಡದ ಅಗಲಕ್ಕಿಂತ ದೊಡ್ಡದಿದ್ದರೆ ಮಾತ್ರ ಅದು ಬರದಲ್ಲಿ ನಿಂತೀತು. 1912ರ ಕಾಯಿದೆ ಸಂಘಗಳು ಕೂಡಿ ಮೇಲಿನ ಹಂತದ ಬ್ಯಾಂಕು-ಒಕ್ಕೂಟ ಕಟ್ಟಲಿಕ್ಕೆ ಅವಕಾಶ ಕೊಟ್ಟದ್ದು ಈ ದೃಷ್ಟಿಯಿಂದ ದೊಡ್ಡ ಹೆಜ್ಜೆ. 1982ರಲ್ಲಿ ನಬಾರ್ಡ್ ಬಂತು, 1985ರಲ್ಲಿ ಬೆಳೆ ಸಾಲಕ್ಕೆ ಗಂಟುಹಾಕಿದ ಸಮಗ್ರ ಬೆಳೆ ವಿಮೆ ಬಂತು. ಊರಿನ ಬರವನ್ನು ಜಿಲ್ಲೆ ಹೊರಬೇಕು, ಜಿಲ್ಲೆಯ ಬರವನ್ನು ರಾಜ್ಯ, ರಾಜ್ಯದ್ದನ್ನು ದೇಶ. 1972ರ ಬರದಲ್ಲಿ ನಮ್ಮ ಹಿರಿಯರು ರಸ್ತೆಗೆ ಜಲ್ಲಿ ಒಡೆದು ಹೊಟ್ಟೆ ಹೊರೆದರು, ಗೋಳಾಡಿದರು, ಆದರೆ ಧಾತು-ಈಶ್ವರದ ಹಾಗೆ ಊರಿಗೆ ಊರೇ ಖಾಲಿಯಾಗಲಿಲ್ಲ. ಮಳೆ ದಯೆ ತೋರಿತು ಅಂತಲ್ಲ, ಜಾಮೀನು ಅಷ್ಟು ಅಗಲವಾಗಿತ್ತು.

ಇನ್ನು ನಮ್ಮ ಸಂಘದ ಇಪ್ಪತ್ತೈದು ವರ್ಷ. ಹುಟ್ಟಿದ ಮರುವರ್ಷದಿಂದ, ಅಂದರೆ 2001ರಿಂದ, ಸಾಲಾಗಿ ಮೂರು ವರ್ಷ ಬರ. ಕೂಸಿಗೆ ಹಲ್ಲು ಬರುವ ಮೊದಲೇ ಉಪವಾಸ! ಸುಸ್ತಿ ಸಾಲದ ಪಟ್ಟಿ ಸದಸ್ಯರ ಪಟ್ಟಿಯಷ್ಟೇ ಉದ್ದವಿತ್ತು. 2009ರಲ್ಲಿ ಮುಂಗಾರಿ ದೇಶಕ್ಕೆಲ್ಲ ಕೈಕೊಟ್ಟು ಬರದ ಚಿಂತೆಯಲ್ಲಿದ್ದಾಗ ಸೆಪ್ಟೆಂಬರ್ ಕೊನೆಗೆ ಮಳೆ ಹೊಡೆಯಿತು ನೋಡಿರಿ, ಮೂರು ನಾಲ್ಕು ದಿನದಲ್ಲಿ ಉತ್ತರ ಕರ್ನಾಟಕದ ಊರುಗಳು ಕೊಚ್ಚಿಹೋದವು. ಇನ್ನೂರಕ್ಕೂ ಮೇಲೆ ಜನ ಸತ್ತರು. 2018ರಲ್ಲಿ ಬರ ಘೋಷಣೆ, 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರು ನೀರಿನಲ್ಲಿ ನಿಂತವು. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಹೆಸರು ಬಿಡಿಸುವ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದು ಗಿಡದಲ್ಲೇ ಕಾಳು ಮೊಳೆಯುವುದು, ಹಸ್ತದಲ್ಲಿ ಬಿತ್ತಬೇಕೆಂದರೆ ಹಸಿಯೇ ಇಲ್ಲದಿರುವುದು, ಇದೆಲ್ಲ ನಿಮಗೆ ನಾವು ಹೇಳಬೇಕಾದ್ದಲ್ಲ. "ಮಳಿ ಕಮ್ಮಿ ಆಗಿಲ್ಲೋ ತಮ್ಮಾ, ಅದರ ಲೆಕ್ಕ ತಪ್ಪೇತಿ" ಎಂದು ನಮ್ಮ ಊರಿನ ಹಿರಿಯರೊಬ್ಬರು ಕಟ್ಟೆಯ ಮೇಲೆ ಅಂದದ್ದು ನೆನಪಿದೆ.

ವಿಜ್ಞಾನಿಗಳ ಮಾತೂ ಅದಕ್ಕಿಂತ ಬಹಳ ಬೇರೆಯಲ್ಲ. ಗಾಳಿ ಒಂದು ಡಿಗ್ರಿ ಕಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ತಡೆದಾಗ ಬಹಳ ದಿನ ತಡೆಯುತ್ತದೆ, ಸುರಿದಾಗ ಒಮ್ಮೆಲೇ ಸುರಿಯುತ್ತದೆ. ನಮ್ಮ ಉತ್ತರಕ್ಕಿರುವ ಮಧ್ಯ ಭಾರತದ ಪಟ್ಟಿಯಲ್ಲಿ ವಿಶಾಲ ಪ್ರದೇಶದ ಮೇಲೆ ಬೀಳುವ ಅತಿ ಭಾರಿ ಮಳೆಯ ಪ್ರಸಂಗಗಳು 1950ರಿಂದ 2015ರ ಒಳಗೆ ಮೂರು ಪಟ್ಟಾದವೆಂದು ಲೆಕ್ಕ ಸಿಕ್ಕಿದೆ. ಈ ಕಾವು ಯಾರದು ಎಂದು ಕೇಳಿದರೆ, ಕಲ್ಲಿದ್ದಲು-ಎಣ್ಣೆ ಸುಟ್ಟು ಇದುವರೆಗೆ ಮುಗಿಲಿಗೆ ಸೇರಿಸಿದ ಹೊಗೆಯಲ್ಲಿ ಅಮೇರಿಕದ ಪಾಲು ಸುಮಾರು ನಾಲ್ಕನೇ ಒಂದು. ಜಗತ್ತಿನ ಆರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ನಮ್ಮ ದೇಶದಲ್ಲಿದ್ದರೂ ನಮ್ಮ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಪೆಟ್ಟು ಬೀಳುವುದು ಮಾತ್ರ ಉಲ್ಟಾ. 2010ರಿಂದ 2020ರ ಒಳಗೆ ಪ್ರವಾಹ, ಬರ, ಬಿರುಗಾಳಿಗಳಿಂದ ಸತ್ತವರ ಪ್ರಮಾಣ ದುರ್ಬಲ ಪ್ರದೇಶಗಳಲ್ಲಿ ಸಬಲ ಪ್ರದೇಶಗಳಿಗಿಂತ 15 ಪಟ್ಟು ಹೆಚ್ಚು ಎಂದು ವಿಶ್ವಸಂಸ್ಥೆಯ ಹವಾಮಾನ ಮಂಡಳಿ 2022ರ ವರದಿಯಲ್ಲಿ ಹೇಳಿದೆ. 2020ರಿಂದ 2023ರವರೆಗೆ ಸೋಮಾಲಿಯಾ, ಇಥಿಯೋಪಿಯ, ಕೀನ್ಯಾ ಕಡೆಗೆ ಸಾಲಾಗಿ ಐದು ಮಳೆಗಾಲ ಹೋದವು. ಅಲ್ಲಿಯ ದನಗಾಹಿ ಸುಟ್ಟ ಕಲ್ಲಿದ್ದಲು ಎಷ್ಟು?

ದುರ್ಬಲರು ಎಂದೆಂದಿಗೂ ದುರ್ಬಲರೇ ಎಂದು ತಿಳಿಯಬೇಕಾಗಿಲ್ಲ. 1999ರಲ್ಲಿ ಒಡಿಶಾದ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. 2013ರಲ್ಲಿ ಫೈಲಿನ್ ಎಂಬ ಚಂಡಮಾರುತ ಬಂದಾಗ ಮುಂಚಿತವಾಗಿ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರ ಮಾಡಿದ್ದರಿಂದ ಸತ್ತವರು ಐವತ್ತರೊಳಗೆ. ನಮ್ಮ ರಾಜ್ಯವೂ ಈ ಬಾಬಿನಲ್ಲಿ ಹಿಂದುಳಿದಿಲ್ಲ. ಬರದ ಮೇಲೆ ಕಣ್ಣಿಡುವ ಕೇಂದ್ರವನ್ನು 1988ರಲ್ಲೇ ದೇಶಕ್ಕೆ ಮೊದಲು ಕಟ್ಟಿದ್ದು ಕರ್ನಾಟಕ. ಇನ್ನು ಜಾಮೀನಿನ ಕೊನೆಯ ಸುತ್ತು, ಅಂದರೆ ಹೊಗೆಬಿಟ್ಟ ದೇಶಗಳು ಪೆಟ್ಟು ತಿಂದ ದೇಶಗಳಿಗೆ ನಷ್ಟ ತುಂಬಿಕೊಡುವುದು, ಅದಕ್ಕೆ 2022ರಲ್ಲಿ ಈಜಿಪ್ಟಿನ ಸಮ್ಮೇಳನದಲ್ಲಿ ನಿಧಿ ಮಾಡುವುದೆಂದು ಒಪ್ಪಿದರು. 2023ರಲ್ಲಿ ದುಬೈಯಲ್ಲಿ ಅದಕ್ಕೆ ಬಂದ ವಾಗ್ದಾನ ಸುಮಾರು 70 ಕೋಟಿ ಡಾಲರು. ಜಗತ್ತಿನ ನಷ್ಟದ ಎದುರಿಗೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ದೂರದವರ ಲೆಕ್ಕ ಕೇಳುವಾಗ ನಮ್ಮ ಖಾತೆಯನ್ನೂ ತೆರೆದಿಡಬೇಕಾಗುತ್ತದೆ. ಬೆಳ್ಳಿಹಬ್ಬದ ದಿವಸ ಇದೇನು ಕೊಂಕು ಎಂದು ಕೆಲವರಿಗೆ ಅನ್ನಿಸಬಹುದು, ಕ್ಷಮಿಸಬೇಕು. ನಮ್ಮ ಸಂಘದಲ್ಲಿ ಸಾಲ ಸಿಗುವುದು ಪಹಣಿ ಇದ್ದವರಿಗೆ. ವಿಮೆ ಬರುವುದೂ ಅವರಿಗೇ. ಬರಪರಿಹಾರ ಜಮಾ ಆಗುವುದೂ ಅವರ ಖಾತೆಗೇ. ಊರಿನಲ್ಲಿ ಲಾವಣಿಗೆ ಹೊಲ ಮಾಡುವವರು ಎಷ್ಟು ಮನೆ ಎಂಬುದು ಇಲ್ಲಿ ಓದುತ್ತಿರುವ ಎಲ್ಲರಿಗೂ ಗೊತ್ತು. ಬೀಜ ಅವರದು, ಗೊಬ್ಬರ ಅವರದು, ಬೆವರು ಅವರದು, ಪಹಣಿ ಇನ್ನೊಬ್ಬರದು. 2023ರ ಹಿಂಗಾರಿಯಲ್ಲಿ ನಮ್ಮ ಓಣಿಯ ಒಬ್ಬರು ಎಂಟು ಎಕರೆ ಲಾವಣಿ ಹಿಡಿದು ಕಡಲೆ ಬಿತ್ತಿದ್ದರು. ಬಿತ್ತಿದ ಬೀಜವೂ ಮರಳಿ ಬರಲಿಲ್ಲ. ಪರಿಹಾರ ಹೊಲದ ಮಾಲೀಕರ ಖಾತೆಗೆ ಹೋಯಿತು. ಅವರು ಬೆಂಗಳೂರಿನಲ್ಲಿದ್ದಾರೆ, ಕೆಟ್ಟವರೇನಲ್ಲ, ಲಾವಣಿ ರೊಕ್ಕದಲ್ಲಿ ಒಂದಿಷ್ಟು ಬಿಟ್ಟರು. ಇವರು ಹೊರಗಿನ ಸಾಲ ತೀರಿಸಲಿಕ್ಕೆ ಹೆಂಡತಿ ಮಕ್ಕಳ ಸಮೇತ ಗೋವೆಗೆ ಗೌಂಡಿ ಕೆಲಸಕ್ಕೆ ಹೋದರು. ಹೋಗುವ ಮೊದಲು ಸಂಘದ ಕಟ್ಟೆಗೆ ಬಂದು ಕೇಳಿದ್ದರು. ಆಗ ಆಡಳಿತ ಮಂಡಳಿಯಲ್ಲಿ ನಾವೂ ಇದ್ದೆವು. ನಿಯಮ ಇಲ್ಲ ಅಂತ ಹೇಳಿ ಕಳಿಸಿದೆವು. ನಿಯಮ ಇರಲಿಲ್ಲ, ನಿಜ. 1877ರಲ್ಲಿ ಒಂದು ಪೌಂಡು ಎಂದು ಬರೆದವರ ಹತ್ತಿರವೂ ನಿಯಮದ ಪುಸ್ತಕ ಇತ್ತಲ್ಲ ಎಂದು ಈ ಲೇಖನಕ್ಕಾಗಿ ಹಳೆಯದನ್ನೆಲ್ಲ ಓದುವಾಗ ನಮಗೆ ಅನ್ನಿಸಿತು.

ಲಾವಣಿದಾರರು ನಾಲ್ಕೈದು ಮಂದಿ ಕೂಡಿ ಒಬ್ಬರಿಗೊಬ್ಬರು ಹೊಣೆಯಾಗಿ ಸಾಲ ತೆಗೆಯುವ ಜಂಟಿ ಹೊಣೆ ಗುಂಪಿನ ಪದ್ಧತಿಯನ್ನು ನಬಾರ್ಡ್ ಎಷ್ಟೋ ವರ್ಷದ ಹಿಂದೆಯೇ ರೂಪಿಸಿದೆ. ಅದನ್ನು ನಮ್ಮಲ್ಲಿ ತರುವ ವಿಷಯ ಎರಡು ಸಲ ವಾರ್ಷಿಕ ಮಹಾಸಭೆಯ ಮುಂದೆ ಬಂತು. ಮೊದಲ ಸಲ ಚಹಾ-ಅವಲಕ್ಕಿಯ ನಂತರ ಕೋರಂ ಉಳಿಯಲಿಲ್ಲ. ಎರಡನೆಯ ಸಲ ಮುಂದೆ ನೋಡೋಣ ಎಂದು ಠರಾವಾಯಿತು. ಸುಸ್ತಿ ಆದರೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ಎತ್ತಿದವರಲ್ಲಿ ನಾವೂ ಒಬ್ಬರು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಈ ಸಲದ ಮಹಾಸಭೆಯ ನೋಟೀಸಿನಲ್ಲಿ ಅದು ಒಂಬತ್ತನೆಯ ವಿಷಯವಾಗಿದೆ. ಅದನ್ನು ಮೊದಲನೆಯದಕ್ಕೆ ತರಬೇಕೆಂದು ಅಧ್ಯಕ್ಷರಿಗೆ ಬರೆದುಕೊಟ್ಟಿದ್ದೇವೆ. ಗೋವೆಗೆ ಹೋದವರು ಸೀಗೆ ಹುಣ್ಣಿವೆಗೆ ಊರಿಗೆ ಬರುತ್ತಾರಂತೆ. ಮುಂದಿನ ಹಿಂಗಾರಿಗೆ ಅದೇ ಎಂಟು ಎಕರೆ ಮತ್ತೆ ಹಿಡಿಯುವ ವಿಚಾರ ಅವರಿಗಿದೆ ಎಂದು ಅವರ ತಾಯಿ ಹೇಳಿದರು.